ಜಾರದ ಹಲ್ಲು

ನೈಲಾ ಬ್ರಿಮ್‌ಹಾಲ್‌ಗೆ ಹತ್ತೊಂಬತ್ತು ತುಂಬಿದ ಚಳಿಗಾಲದಲ್ಲಿ ಅವಳ ಅಪ್ಪ ಆರ್ವೆಲ್‌ನ ಎಡಗೈಯನ್ನು ಹಿಮದ ಮೇಲೆ ಓಡುವ ಮೋಟಾರು ಸ್ಲೆಡ್ಡೊಂದು ತಿಂದುಹಾಕಿತು.

ಗಾಡಿಯ ಹಿಂಭಾಗವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ, ಕೆಳಗಿನ ರಬ್ಬರ್ ಟ್ರ್ಯಾಕು ನೆಟ್ಟಗೆ ಸುತ್ತುತ್ತಿದೆಯೇ ಎಂದು ಅವನು ಬಗ್ಗಿ ನೋಡುತ್ತಿದ್ದ. ಹಿಮ ಅಗೆಯಲೆಂದು ಟ್ರ್ಯಾಕಿನ ಮೈತುಂಬ ಎದ್ದುನಿಂತಿದ್ದ ರಬ್ಬರ್ ಹಲಗೆಗಳಲ್ಲೊಂದು ಅವನ ಕೈಗವಸಿನ ಅಂಚನ್ನು ಹಿಡಿಯಿತು. ನೈಲಾ ಮೂರು ಹೆಜ್ಜೆ ಹಾರಿ ಸ್ವಿಚ್ಚು ಆರಿಸುವಷ್ಟರಲ್ಲಿ ಕೈ ಮೊಣಕೈವರೆಗೆ ಒಳಗೆ ಹೋಗಿ ಹೊರಗೆ ಬಂದಿತ್ತು. ಆರ್ವೆಲ್ ಕಿರುಚಲಿಲ್ಲ. ಉಳಿದ ಕೈಯಿಂದ ಮಗಳ ಬಾಯಿಗೆ ಗುದ್ದಿದ.

"ಎಲ್ಲಿ ನೋಡ್ತಾ ನಿಂತಿದ್ಯೇ, ಕತ್ತೆ?"

ನೈಲಾಳ ಮುಂದಿನ ಎರಡು ಹಲ್ಲು ಉದುರಿದವು. ಆಮೇಲೆ ಅವಳು ಅಪ್ಪನ ತೋಳಿಗೆ ಬೆಲ್ಟು ಬಿಗಿದು, ಅವನನ್ನು ಟ್ರಕ್ಕಿಗೆ ಎತ್ತಿಹಾಕಿ, ಮಂಜು ಗಟ್ಟಿದ ರಸ್ತೆಯಲ್ಲಿ ನಲವತ್ತು ಮೈಲಿ ಆಸ್ಪತ್ರೆಗೆ ಓಡಿಸಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ರಕ್ತ ಉಗುಳಿದಳು.

ಅವರಿದ್ದ ಸ್ಟಾರ್ ವ್ಯಾಲಿ ಕಣಿವೆಯಲ್ಲಿ ಆರ್ವೆಲ್ ಮಕ್ಕಳಿಗೆ ಹೊಡೆಯುತ್ತಾನೆಂಬುದು ಯಾರಿಗೂ ಸುದ್ದಿಯಾಗಿರಲಿಲ್ಲ. ಅವನಪ್ಪನೂ ಹೊಡೆಯುತ್ತಿದ್ದ. ಭಾನುವಾರ ಚರ್ಚಿನಲ್ಲಿ ಬಾವು ಬಂದ ಮುಖ ಕಂಡರೆ ಜನ ಪ್ರಾರ್ಥನಾ ಪುಸ್ತಕದ ಪುಟ ತಿರುವುತ್ತಿದ್ದರು. ಇಬ್ಬರು ಅಣ್ಣಂದಿರು ಗಡ್ಡ ಬರುವ ಮೊದಲೇ ಎಣ್ಣೆಬಾವಿಗಳ ಕಡೆ ಓಡಿಹೋದರು. ನೈಲಾ ಮಾತ್ರ ಉಳಿದಳು. ಅಪ್ಪನ ಮೇಲಿನ ಪ್ರೀತಿಗಲ್ಲ, ಶೆಡ್ಡಿನ ಮೇಲಿನ ಆಸೆಗೆ. ಹಾಲಿನ ಕಾರ್ಖಾನೆಯ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಬಿಚ್ಚಿಹಾಕಿದ ಎಂಜಿನ್ನುಗಳ ನಡುವೆ ನಿಂತರೆ ಅವಳಿಗೆ ಹಸಿವೂ ಆಗುತ್ತಿರಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ, ಬೀಸಿ ಬಂದ ಅಪ್ಪನ ಬಲಗೈಯನ್ನು ಅವಳು ಗಾಳಿಯಲ್ಲೇ ಹಿಡಿದಳು. ಹಿಡಿದು ತಿರುಚಿದಳು. ಮಣಿಕಟ್ಟಿನೊಳಗಿಂದ ಒಣಕಡ್ಡಿ ಮುರಿದಂಥ ಸದ್ದು ಬರುವವರೆಗೂ ಬಿಡಲಿಲ್ಲ. ಆರ್ವೆಲ್ ನೆಲದ ಮೇಲೆ ಕೂತು ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಅಂದಿನಿಂದ ಶೆಡ್ಡು ಅವಳದಾಯಿತು. ಆರ್ವೆಲ್ ಇನ್ನೂ ಆರು ವರ್ಷ ಬದುಕಿದ್ದು, ಒಲೆಯ ಪಕ್ಕ ಕೂತು, ಅವಳು ಮಾಡುವುದೆಲ್ಲ ತಪ್ಪು ಎನ್ನುತ್ತಲೇ ಸತ್ತ.

ಐವತ್ತು ದಾಟುವ ಹೊತ್ತಿಗೆ ನೈಲಾಳಿಗೆ ಮೂರು ಕಣಿವೆಗಳಲ್ಲಿ ಹೆಸರಿತ್ತು. ಅದು ಟ್ರ್ಯಾಕ್ ತಿರುಗಿಸುವ ಹಲ್ಲುಚಕ್ರಗಳಿಂದ ಬಂದ ಹೆಸರು. ಎಂಜಿನ್ನು ಎಷ್ಟೇ ಗುಡುಗಲಿ, ಅದರ ಬಲವನ್ನು ಟ್ರ್ಯಾಕಿಗೆ ದಾಟಿಸುವುದು ಮುಂದಿನ ಅಚ್ಚಿನ ಮೇಲೆ ಕೂತ ನಾಲ್ಕು ಕಪ್ಪು ಚಕ್ರಗಳು. ಅವುಗಳ ಹಲ್ಲು ಟ್ರ್ಯಾಕಿನ ಒಳಮೈಯ ಗುಬುಟುಗಳನ್ನು ತಳ್ಳಿದರೆ ಗಾಡಿ ಮುಂದೆ ಹೋಗುತ್ತದೆ. ಕಂಪನಿಯಿಂದ ಬಂದ ಗಾಡಿಗೆ ಅದು ಸಾಕು. ಆದರೆ ಆ ಕಣಿವೆಯಲ್ಲಿ ಕಂಪನಿಯಿಂದ ಬಂದಂತೆಯೇ ಗಾಡಿ ಇಟ್ಟುಕೊಂಡವರು ಪಾದ್ರಿಗಳು ಮಾತ್ರ. ಉಳಿದವರು ಎಂಜಿನ್ನಿಗೆ ಬಲ ಹೆಚ್ಚಿಸುವ ಟರ್ಬೊ ಕೂರಿಸುತ್ತಾರೆ, ಇನ್ನೂ ಉದ್ದದ ಟ್ರ್ಯಾಕು, ಇನ್ನೂ ಎತ್ತರದ ಹಲಗೆ ಹಾಕುತ್ತಾರೆ. ಆಗ ಚಕ್ರ ಹೆದರುತ್ತದೆ. ಕಡಿದಾದ ಏರಿನಲ್ಲಿ, ಎಲ್ಲ ಬಲ ಬೇಕಾದ ಕ್ಷಣದಲ್ಲೇ, ಹಲ್ಲು ಗುಬುಟಿನ ಮೇಲಿಂದ ಜಾರಿ ಮುಂದಿನದಕ್ಕೆ ಬಡಿಯುತ್ತದೆ. ಸವಾರನ ಕಾಲಡಿ ಯಾರೋ ಸುತ್ತಿಗೆಯಿಂದ ತಗಡು ಚಚ್ಚಿದ ಹಾಗೆ ಕೇಳಿಸುತ್ತದೆ. ಯಾವ ಗಾಡಿಗೆ ಯಾವ ಚಕ್ರ, ಎಷ್ಟು ಹಲ್ಲು, ಹಲ್ಲಿಂದ ಹಲ್ಲಿಗೆ ಎಷ್ಟು ಅಂತರ ಎಂಬುದನ್ನು ನೈಲಾ ಆ ಸದ್ದು ಕೇಳಿಯೇ ಹೇಳುತ್ತಿದ್ದಳು.

ಅಂಥ ಸದ್ದಿನ ಗಾಡಿಯೊಂದನ್ನು ಆ ವರ್ಷದ ಜನವರಿಯಲ್ಲಿ ಟೋಲ್‌ಮನ್ ಅಣ್ಣತಮ್ಮಂದಿರು ಅವಳ ಬಾಗಿಲಿಗೆ ತಂದರು.

ತಮ್ಮ ಆರಿನ್‌ಗೆ ಇಪ್ಪತ್ತಾರು. ಸ್ಲೆಡ್ಡಿನಲ್ಲಿ ಗುಡ್ಡ ಹತ್ತುವ ಪಂದ್ಯಗಳಲ್ಲಿ ಎರಡು ಸಲ ಎರಡನೆಯವನಾಗಿ ಬಂದವನು, ನಕ್ಕರೆ ಮುಖವೆಲ್ಲ ಬಾಯಿ. ಅಣ್ಣ ಹೀಬರ್‌ಗೆ ನಲವತ್ತರ ಹತ್ತಿರ. ಅಪ್ಪ ಕುದುರೆಯಡಿ ಸಿಕ್ಕಿ ಸತ್ತ ಮೇಲೆ ದನಗಳನ್ನೂ ತಮ್ಮನನ್ನೂ ಸಾಕಿದವನು. ದನಕ್ಕೂ ತಮ್ಮನಿಗೂ ಒಂದೇ ಬೆಲ್ಟು ಬಳಸಿದ್ದ. ಕುದುರೆ, ಗೂಳಿ ಪಳಗಿಸುವ ರೋಡಿಯೊ ಮೈದಾನದ ಹಿಂದೆ ತಮ್ಮನನ್ನು ಯಾರೋ ತಳ್ಳಿದ್ದಕ್ಕೆ ಆ ತಳ್ಳಿದವನ ಕಿವಿಯ ಚೂರನ್ನು ಹೀಬರ್ ಕಚ್ಚಿ ಉಗಿದಿದ್ದು ಊರಿಗೆಲ್ಲ ಗೊತ್ತಿತ್ತು.

"ಸಿಸ್ಟರ್ ಬ್ರಿಮ್‌ಹಾಲ್," ಎಂದ ಆರಿನ್, ಚರ್ಚಿನಲ್ಲಿ ಹೆಂಗಸರನ್ನು ಕರೆಯುವ ದನಿಯಲ್ಲಿ, ಕೈಮುಗಿಯುವಂತೆ ನಟಿಸುತ್ತ, "ನನ್ನ ಗಾಡಿಗೆ ದೆವ್ವ ಹಿಡ್ದಿದೆ. ಬಿಡಿಸ್ಬೇಕು."

"ದೆವ್ವ ಹಿಡ್ದಿರೋದು ನಿನಗೆ. ಸ್ಟಾರ್ಟ್ ಮಾಡು."

ಶೆಡ್ಡಿನ ಹಿಂದಿನ ದಿಬ್ಬಕ್ಕೆ ಅವನು ಗಾಡಿ ನುಗ್ಗಿಸಿದ. ಅರ್ಧ ಏರುವಷ್ಟರಲ್ಲಿ ಶುರುವಾಯಿತು: ಧಡ್, ಧಡ್, ಧಡ್. ನೈಲಾ ಕೈ ಎತ್ತಿ ಸಾಕೆಂದಳು. ಒಳಗೆ ತಂದು ಟ್ರ್ಯಾಕು ಬಿಚ್ಚಿದಾಗ ಒಳಮೈಯ ಗುಬುಟುಗಳಲ್ಲಿ ಹತ್ತೊಂಬತ್ತು ಹರಿದು ಜೋತಾಡುತ್ತಿದ್ದವು.

"ಯಾರು ಹಾಕಿದ್ದು ಈ ಚಕ್ರ?"

"ನಾನೇ," ಎಂದ ಹೀಬರ್.

"ನೋಡು ಬಾ. ನಾಲ್ಕು ಚಕ್ರದ ಹಲ್ಲೂ ಒಂದೇ ಸಾಲಲ್ಲಿರ್ಬೇಕು. ಇದೊಂದು ಅರ್ಧ ಬೆರಳು ಹಿಂದಿದೆ. ಮೂರು ಚಕ್ರ ಮುಂದಕ್ಕೆ ಎಳೀತವೆ, ಇದು ಅವುಗಳ ಜೊತೆ ಜಗಳ ಆಡುತ್ತೆ. ನಿನ್ನ ಥರಾನೇ."

ಆರಿನ್ ನಕ್ಕ. ಹೀಬರ್ ನಗಲಿಲ್ಲ.

"ಹಾಗಾದ್ರೆ ಸರಿಯಾಗಿ ಕೂರಿಸ್ಕೊಡು, ಸಾಕು," ಎಂದ.

"ಸಾಕಾಗಲ್ಲ. ಇದು ಏಳು ಹಲ್ಲಿನ ಚಕ್ರ, ಒಳಗಿನ ಗುಬುಟು ಮಾತ್ರ ತಳ್ಳುತ್ತೆ. ಎಂಜಿನ್ ಬಲ ನೀವು ಇಮ್ಮಡಿ ಮಾಡಿದೀರ. ಎಷ್ಟು ನೆಟ್ಟಗೆ ಕೂರಿಸಿದ್ರೂ ಜಾರುತ್ತೆ."

"ಟ್ರ್ಯಾಕು ಬಿಗಿ ಮಾಡಿದ್ರೆ?" ಎಂದು ಆರಿನ್ ಕೇಳಿದ.

"ಬಿಗಿ ಮಾಡು. ಅರ್ಧ ಬಲ ಅದನ್ನ ಸುತ್ತಿಸೋಕೇ ಹೋಗುತ್ತೆ. ಅಜ್ಜಿಯರ ಜೊತೆ ಓಡಿಸ್ಬಹುದು."

ಅವಳು ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಚಕ್ರಗಳಲ್ಲಿ ಒಂದನ್ನು ಇಳಿಸಿದಳು. ಎಂಟು ಹಲ್ಲಿನದು. ಅದರ ಒಂದು ಸಾಲು ಹಲ್ಲು ಒಳಗಿನ ಗುಬುಟನ್ನು ತಳ್ಳುತ್ತದೆ, ಇನ್ನೊಂದು ಸಾಲು ಟ್ರ್ಯಾಕಿನ ಕಿಂಡಿಗಳೊಳಗೆ ಇಳಿದು ಕಚ್ಚುತ್ತದೆ. ಆರಿನ್ ಅದನ್ನು ಕೈಯಲ್ಲಿ ತಿರುಗಿಸಿ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಜಾರಲ್ವಾ?"

"ಜಾರಲ್ಲ. ಟ್ರ್ಯಾಕಾದ್ರೂ ಹರೀಬೇಕು, ಅಚ್ಚಾದ್ರೂ ಮುರೀಬೇಕು, ಇದು ಮಾತ್ರ ಬಿಡಲ್ಲ. ಆದ್ರೆ ದೊಡ್ಡ ಚಕ್ರ. ನಿನ್ನ ಮೂರಿಂಚಿನ ಹಲಗೆ ಮುಂದಿನ ತಗಡಿಗೆ ತಾಗುತ್ತೆ. ಅಚ್ಚನ್ನ ಒಂದಿಂಚು ಕೆಳಗೆ ಇಳಿಸ್ಬೇಕು."

"ಇಳಿಸು ಮತ್ತೆ!"

"ಬಾಯಿ ಮುಚ್ಚಿ ಕೇಳು," ಎಂದಳು ನೈಲಾ. "ಇಷ್ಟು ದಿನ ನೀನು ಜೀವಂತ ಇರೋದೇ ಈ ಚಕ್ರ ಜಾರಿದ್ರಿಂದ. ಬಲ ಜಾಸ್ತಿ ಆದಾಗೆಲ್ಲ ಅದು ಜಾರಿ ಚೆಲ್ಲಿಬಿಡ್ತಿತ್ತು. ಇನ್ಮೇಲೆ ಚೆಲ್ಲಲ್ಲ. ಹಿಮ ಗಟ್ಟಿ ಸಿಕ್ತೋ, ಮೂತಿ ಮೇಲೆದ್ದು ಗಾಡಿ ನಿನ್ನ ಮೇಲೇ ಮಗುಚುತ್ತೆ."

ಮೂತಿ ಏಳದಂತೆ ಹಿಡಿಯುವುದಕ್ಕೆ ಗಾಡಿಯ ಹೊಟ್ಟೆಯಡಿ, ಸೊಂಟದ ಬೆಲ್ಟಿನಂತೆ ಸಾಲಾಗಿ ತೂತುಗಳಿರುವ ಒಂದು ತಡೆಪಟ್ಟಿ ಇರುತ್ತದೆ. ತೂತು ಬಿಟ್ಟು ಸಡಿಲಿಸಿದರೆ ಮೂತಿ ಹಗುರಾಗಿ ಟ್ರ್ಯಾಕಿಗೆ ಹಿಡಿತ ಹೆಚ್ಚುತ್ತದೆ. ಬಿಗಿದರೆ ಮೂತಿ ನೆಲಕ್ಕಂಟುತ್ತದೆ, ವೇಗ ಕಮ್ಮಿಯಾಗುತ್ತದೆ. ನೈಲಾ ಒಂದು ವಾರ ಕೂತು ಅಚ್ಚು ಇಳಿಸಿ, ಚಕ್ರಗಳನ್ನು ಒತ್ತಿ ಕೂರಿಸಿ, ಹಲ್ಲುಸಾಲಿಗೆ ದಾರ ಹಿಡಿದು ನೋಡಿದಳು. ತಡೆಪಟ್ಟಿಯನ್ನು ಎರಡು ತೂತು ಬಿಗಿದು, ಅಲ್ಲಿಗೆ ಹಳದಿ ಬಣ್ಣದ ಗೆರೆ ಎಳೆದಳು.

ಮೊದಲ ಸಲ ಓಡಿಸಿದಾಗ ಗಾಡಿ ದಿಬ್ಬವನ್ನು ಒಂದೇ ಉಸಿರಿಗೆ ನುಂಗಿತು. ತುದಿಯಲ್ಲಿ ಮೂತಿ ಎದ್ದು ಹ್ಯಾಂಡಲ್ಲು ಆರಿನ್‌ನ ಮೂಗಿಗೆ ಬಡಿಯಿತು. ಗಲ್ಲದವರೆಗೆ ರಕ್ತ ಇಳಿಸಿಕೊಂಡು, ನಗುತ್ತಲೇ ಇಳಿದು ಬಂದ.

"ಸಿಸ್ಟರ್, ನಿನ್ನನ್ನ ಮದುವೆ ಆಗ್ಬಿಡ್ತೀನಿ!"

"ಮೊದ್ಲು ಮೂಗು ಒರಸ್ಕೋ. ಹೀಬರ್, ನೀನೂ ಕೇಳಿಸ್ಕೋ. ಹಳದಿ ಗೆರೆ ದಾಟಿಸ್ಬೇಡಿ. ಒಂದು ತೂತೂ."

"ಕೇಳಿಸ್ತು," ಎಂದ ಹೀಬರ್.

ಮಾರ್ಚ್ ಕೊನೆಯ ಶನಿವಾರ ಕೋಲ್ಟ್‌ಹಾರ್ನ್ ಗುಡ್ಡದಲ್ಲಿ ಪಂದ್ಯ. ಬುಡದಲ್ಲಿ ಟ್ರಕ್ಕುಗಳು ಸಾಲುಗಟ್ಟಿದ್ದವು; ಕಡವೆ ಸಾಸೇಜಿನ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಕೂಗಾಟ. ಬೆಳಗಿಂದ ಐದು ಗಾಡಿಗಳು ಮಗುಚಿ ಉರುಳಿ ಬಂದಿದ್ದವು. ಒಬ್ಬನ ಭುಜ ಕಳಚಿತ್ತು, ಇನ್ನೊಬ್ಬನ ಮೊಣಕಾಲ ಕೆಳಗಿನ ಎಲುಬು ಬೂಟಿನ ಹೊರಗೆ ಬಂದಿತ್ತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಉರುಳುವ ಗಾಡಿಗಳನ್ನು ಕೊಕ್ಕೆ, ಹಗ್ಗ ಹಿಡಿದು ತಡೆಯಲೆಂದು ಗುಡ್ಡದ ನಡುವೆ ಎಂಟು ಗಂಡಸರು ನಿಲ್ಲುತ್ತಾರೆ. ಹೀಬರ್ ಹತ್ತು ವರ್ಷದಿಂದ ಅವರಲ್ಲೊಬ್ಬ.

ಮೊದಲ ಓಟದಲ್ಲಿ ಆರಿನ್ ತುದಿ ಮುಟ್ಟಿದ. ಆದರೆ ಎರಡು ಸೆಕೆಂಡ್ ಹಿಂದೆ. ಎರಡನೆಯ ಓಟಕ್ಕೆ ಮುಂಚೆ ನೈಲಾ ಇನ್ಯಾರದೋ ಗಾಡಿಗೆ ಕೈಹಾಕಿ ಕೂತಿದ್ದಳು. ಐವತ್ತು ಹೆಜ್ಜೆ ದೂರದಲ್ಲಿ ಆರಿನ್‌ನ ಗಾಡಿಯಡಿಯಿಂದ ಹೀಬರ್‌ನ ಬೂಟುಗಳು ಚಾಚಿಕೊಂಡಿದ್ದವು. ಬೋಲ್ಟು ನೋಡುತ್ತಿದ್ದಾನೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಅವನು ಎದ್ದು, ಕೊಕ್ಕೆ ಹೆಗಲಿಗೇರಿಸಿ, ಗುಡ್ಡ ಹತ್ತಿಹೋದ.

ಆರಿನ್ ಹೊರಟ. ಗುಡ್ಡದ ಮೊದಲ ಮೆಟ್ಟಿಲಿನಂಥ ಏರು, ಎರಡನೆಯ ಏರು. ಬೆಳಗಿನಿಂದ ಯಾರೂ ಹೋಗದ ವೇಗ. ಬಂಡೆಗಳ ಕೆಳಗೆ, ನೆರಳಲ್ಲಿ, ಹಿಮ ಕಲ್ಲಾಗಿತ್ತು. ಅಲ್ಲಿ ಟ್ರ್ಯಾಕು ಕಚ್ಚಿತು. ಏನೂ ಜಾರಲಿಲ್ಲ. ಗಾಡಿ ಮುಂದೆ ಹೋಗುವುದನ್ನು ಬಿಟ್ಟು ಮುಂಗಾಲೆತ್ತಿದ ಕುದುರೆಯಂತೆ ನೆಟ್ಟಗೆ ಎದ್ದಿತು. ಒಂದು ಕ್ಷಣ ಆರಿನ್ ಅದರಿಂದ ನೇತಾಡಿದ. ಮರುಕ್ಷಣ ಇನ್ನೂರೈವತ್ತು ಕಿಲೊ ಕಬ್ಬಿಣ ಅವನ ಎದೆಯ ಮೇಲೆ ಕೂತಿತು. ಟ್ರ್ಯಾಕು ಇನ್ನೂ ತಿರುಗುತ್ತಿತ್ತು. ಅವನನ್ನು ದಾಟಿ ಪುಟಿದ ಗಾಡಿ, ಎರಡು ಲಾಗ ಹೊಡೆದು, ಹೀಬರ್ ನಿಂತ ಕಡೆಗೇ ಬಂತು.

ಉಳಿದವರೆಲ್ಲ ಪಕ್ಕಕ್ಕೆ ಹಾರಿದರು. ಹೀಬರ್ ಹಾರಲಿಲ್ಲ. ಕೊಕ್ಕೆಯನ್ನೂ ಎಸೆದು ಬರಿಗೈಯಲ್ಲಿ ಗಾಡಿಯ ಮೇಲೆ ಬಿದ್ದ. ಇನ್ನೊಮ್ಮೆ ಉರುಳಿ ಅದು ತಮ್ಮನ ಮೇಲೇ ಹೋಗುತ್ತದೆಂದು ಅವನಿಗೆ ತೋರಿರಬೇಕು, ಆದರೆ ತಮ್ಮ ಬಿದ್ದಿದ್ದು ಮೇಲುಗಡೆ. ಗಾಡಿ ನಿಂತಾಗ ಹೀಬರ್‌ನ ಎಡಗೈಯ ಎರಡು ಬೆರಳು ಇರಲಿಲ್ಲ. ಆ ಕೈಯನ್ನು ಹಾಗೇ ಜೋತುಬಿಟ್ಟುಕೊಂಡು, ಹಿಮದ ಮೇಲೆ ಕೆಂಪು ಗೆರೆ ಎಳೆಯುತ್ತ, ಮಂಡಿಯೂರಿ ಮೇಲಕ್ಕೆ ತೆವಳಿದ. "ಲೋ, ಏಳೋ. ಏಳೋ ಲೋ," ಎನ್ನುತ್ತಿದ್ದ. ಗುಡ್ಡದ ಬುಡಕ್ಕೂ ಕೇಳುತ್ತಿತ್ತು.

ಆರಿನ್ ಹೆಲಿಕಾಪ್ಟರಿನಲ್ಲೇ ಸತ್ತ.

ನಜ್ಜುಗುಜ್ಜಾದ ಸ್ಲೆಡ್ಡನ್ನು ಟ್ರೇಲರಿಗೆ ಏರಿಸುವಾಗ ನೈಲಾ ಬಗ್ಗಿ ಅದರ ಹೊಟ್ಟೆ ನೋಡಿದಳು. ಚಕ್ರಗಳು ಕೂರಿಸಿದ ಹಾಗೇ ಇದ್ದವು, ಒಂದು ಹಲ್ಲು ಮುಕ್ಕಾಗಿರಲಿಲ್ಲ. ತಡೆಪಟ್ಟಿ ಅತಿ ಸಡಿಲದ ಕೊನೆಯ ತೂತಿನಲ್ಲಿತ್ತು. ಹಳದಿ ಗೆರೆ ಮೂರು ತೂತು ಹಿಂದೆ.

ಅವಳು ಯಾರಿಗೂ ಹೇಳಲಿಲ್ಲ. ಮಣ್ಣಿನ ದಿನ ಚರ್ಚಿನ ಹಜಾರದಲ್ಲಿ ಹೆಂಗಸರು ಚೀಸು ಬೆರೆಸಿ ಬೇಯಿಸಿದ ಆಲೂಗಡ್ಡೆಯ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದರು. ನೈಲಾ ತಂದ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಬೆನ್ನ ಹಿಂದೆ ಯಾರೋ ಹೇಳುವುದು ಕೇಳಿಸಿತು, "ಚಕ್ರ ಜಾರಿದ್ರೆ ಹುಡುಗ ಉಳೀತಿದ್ನಂತೆ. ಜಾರ್ದೇ ಇರೋದನ್ನ ಹಾಕಿದ್ಲಂತೆ ಇವಳು." ಸುಳ್ಳೇನಲ್ಲ ಎಂದುಕೊಂಡಳು. ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಗಂಡಸರ ಸಾಲಿನಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ಹೀಬರ್ ಅವಳನ್ನು ಒಮ್ಮೆಯೂ ನೋಡಲಿಲ್ಲ.

ಒಂಬತ್ತು ದಿನ ಕಳೆದು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆಯಿತು. ಹೀಬರ್ ಒಳಗೆ ಬಂದು ಬಾಗಿಲು ಹಾಕಿ ಅಗುಳಿ ಎಳೆದ. ಬಲಗೈಯಲ್ಲಿ ಸೌದೆ ಸೀಳುವ ಕೊಡಲಿ.

"ಹೀಬರ್," ಎಂದಳು ನೈಲಾ, "ಕೂತ್ಕೋ."

ಅವನು ಕೂರಲಿಲ್ಲ. ಗೋಡೆಗೆ ತೂಗುಹಾಕಿದ್ದ ಚಕ್ರಗಳ ಸಾಲಿಗೆ ಕೊಡಲಿ ಬೀಸಿದ. ಕಪ್ಪು ಚೂರುಗಳು ಹಾರಿ ಅವಳ ಕೆನ್ನೆಗೆ ಬಡಿದವು. ಎರಡನೆಯ ಏಟು ಚಕ್ರ ಒತ್ತುವ ಯಂತ್ರಕ್ಕೆ, ಮೂರನೆಯದು ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಗಾಜಿಗೆ.

"ಅದು ಬೇರೆಯವರ ಗಾಡಿ, ಹೀಬರ್."

"ನೀನೇ ಕೊಂದಿದ್ದು!" ಅವನು ಅವಳ ಕಡೆ ತಿರುಗಿದ. "ಜಾರಲ್ಲ, ಜಾರಲ್ಲ ಅಂತ ಜಂಬ ಕೊಚ್ಕೊಂಡು ಅವನ ಕೈಗೆ ಕೊಟ್ಟೆ. ನೀನೇ ಕೊಂದೆ ಕಣೇ, ಮುದಿ ಸೂಳೆ."

ಟ್ರ್ಯಾಕು ಎತ್ತಲು ಬಳಸುವ ನಾಲ್ಕಡಿ ಹಾರೆ ಅವಳ ಕೈಗೆ ಹೇಗೆ ಬಂತೋ ಅವಳಿಗೇ ತಿಳಿಯದು. "ಹಳದಿ ಗೆರೆ ದಾಟಿಸಿದ್ಯಾರು?" ಎಂದಳು. "ಗಾಡಿ ಕೆಳಗೆ ಮಲಗಿದ್ಯಾರು? ನಿನ್ನ ಬೂಟು ನೋಡಿದೀನಿ ನಾನು."

ಹೀಬರ್ ನಿಂತ. ಕೊಡಲಿ ನೆಲಕ್ಕೆ ಬಿತ್ತು. ಇಷ್ಟಕ್ಕೆ ಮುಗಿಯಿತೆಂದು ಅವಳು ಉಸಿರುಬಿಡುವಷ್ಟರಲ್ಲಿ ಅವನ ಮುಷ್ಟಿ ಅವಳ ದವಡೆಗೆ ಬಂದು ಬಡಿಯಿತು. ಬಾಯೊಳಗೆ ಏನೋ ಮಗುಚಿದಂತಾಯಿತು. ಬೆಂಚಿನ ಅಂಚಿಗೆ ಬೆನ್ನು ಬಡಿದು ಬಿದ್ದಳು. ಅವನು ಪಕ್ಕೆಗೆ ಒದ್ದ, ಮತ್ತೆ ಒದ್ದ. ಉಸಿರು ಮಾತ್ರ ಕೇಳಿಸುವಂತೆ, ಕೆಲಸ ಮಾಡುವವನ ಹಾಗೆ ಒದ್ದ. ಮೂರನೆಯ ಸಲ ಕಾಲೆತ್ತಿದಾಗ ನೈಲಾ ಬಿದ್ದಲ್ಲಿಂದಲೇ ಹಾರೆ ಬೀಸಿದಳು. ಅದು ಅವನ ಇನ್ನೊಂದು ಮೊಣಕಾಲಿಗೆ ಪಕ್ಕದಿಂದ ಬಿತ್ತು. ಕಾಲು ಬಾಗಬಾರದ ಕಡೆಗೆ ಬಾಗಿ, ಹೀಬರ್ ಕುಸಿದ.

ಅವಳು ಬೆಂಚು ಹಿಡಿದು ಎದ್ದು ನಿಂತಳು. ಓಡಬಹುದಿತ್ತು. ಅಗುಳಿ ಎರಡು ಹೆಜ್ಜೆ ದೂರದಲ್ಲಿತ್ತು. ಓಡಲಿಲ್ಲ. ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಹೆಗಲಿಗೆ ಇಳಿಸಿದಳು. ಕೊರಳೆಲುಬು ಮುರಿದದ್ದು ಕೈಗೇ ತಿಳಿಯಿತು. ಮತ್ತೊಂದು ಏಟು ಬೆನ್ನಿಗೆ. ಹಾಯೆನಿಸಿತು. ಬಹಳ ದಿನದಿಂದ ಹೊತ್ತಿದ್ದ ಮೂಟೆ ಇಳಿಸಿದ ಹಾಗೆ, ಬಿಸಿಬಿಸಿಯಾಗಿ, ಮೈಯೆಲ್ಲ ಹಾಯೆನಿಸಿತು. ಮೂರನೆಯದು ತಲೆಗೆಂದೇ ಎತ್ತಿದಳು.

ಹೀಬರ್ ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಮೂರು ಬೆರಳಿನ ಕೈಯನ್ನೂ ಐದು ಬೆರಳಿನ ಕೈಯನ್ನೂ ನೆಲಕ್ಕೆ ಊರಿ, ತಲೆ ತಗ್ಗಿಸಿ ಕಾದಿದ್ದ.

"ಹೊಡಿ," ಎಂದ. "ಹೊಡ್ದುಬಿಡು. ಅದಕ್ಕೇ ಬಂದಿದ್ದು."

ನೈಲಾಳ ಕೈ ಗಾಳಿಯಲ್ಲೇ ನಿಂತಿತು. ಅವಳು ಅವನ ನೆತ್ತಿಯನ್ನು ನೋಡಿದಳು. ಆಮೇಲೆ ಹಾರೆಯನ್ನು ಮೂಲೆಗೆಸೆದು, ಅಗುಳಿ ತೆಗೆದು, ಹೊರಗೆ ಬಂದು ಕೊಳೆಯಾದ ಹಿಮದ ಮೇಲೆ ಕೂತಳು. ಹಾಲಿನ ಟ್ಯಾಂಕರಿನ ಚಾಲಕ ಅವಳನ್ನು ಅಲ್ಲೇ ಕಂಡ. ದವಡೆ ಒಂದು ಕಡೆಗೆ ಸರಿದುಹೋಗಿತ್ತು. ಅವನು ಏನು ಕೇಳಿದರೂ ಅವಳು ಬೆರಳಿನಿಂದ ಒಳಗೆ ತೋರಿಸುತ್ತಿದ್ದಳು, ಒಳಗಿರುವವನನ್ನು ಮೊದಲು ನೋಡು ಎಂಬಂತೆ.

ಮುರಿದ ದವಡೆ ಕೂಡಲೆಂದು ಆರು ವಾರ ಅವಳ ಬಾಯನ್ನು ತಂತಿಯಿಂದ ಹೊಲಿದಿಟ್ಟಿದ್ದರು. ವಿಚಾರಣೆಗೆ ಬಂದ ಪೊಲೀಸಿನವನಿಗೆ ಅವಳು ಕಾಗದದಲ್ಲಿ ನಡೆದದ್ದು ನಡೆದಂತೆ ಬರೆದುಕೊಟ್ಟಳು. "ಅವನು ಬಿದ್ದ ಮೇಲೆ ಎರಡು ಸಲ ಹೊಡೆದೆ" ಎಂಬುದನ್ನೂ ಬರೆದಳು. ಪೊಲೀಸಿನವನು ಓದಿ, "ಇದು ಬೇಕಾಗಿರ್ಲಿಲ್ಲವಲ್ಲ," ಎಂದ. ನೈಲಾ ಆ ಸಾಲಿನ ಕೆಳಗೆ ಗೆರೆ ಎಳೆದಳು. ತಡೆಪಟ್ಟಿಯ ಮಾತು ಮಾತ್ರ ಬರೆಯಲಿಲ್ಲ.

ಎರಡನೆಯ ವಾರ ನೈಲಾಳ ಮನೆಗೆ ಹೀಬರ್‌ನ ತಾಯಿ ವರ್ಡಾ ಟೋಲ್‌ಮನ್ ಬಂದಳು. ಅರವತ್ತಾರರ ಮುದುಕಿ, ಗಂಡನನ್ನೂ ಚಿಕ್ಕ ಮಗನನ್ನೂ ಹೂತು, ದೊಡ್ಡವನನ್ನು ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಲ್ಲಿ ಬಿಟ್ಟು ಬಂದವಳು. ಸೋಸಿದ ಕೋಳಿ ಸೂಪಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೋಟು ಬಿಚ್ಚದೆ ಕೂತಳು.

"ಒಂದೇ ಮಾತು ಕೇಳ್ತೀನಿ," ಎಂದಳು. "ಸುಳ್ಳು ಹೇಳ್ಬೇಡ, ನಂಗೆ ಸಮಾಧಾನ ಬೇಕಾಗಿಲ್ಲ. ನನ್ನ ಮಗನ್ನ ಕೊಂದಿದ್ದು ನಿನ್ನ ಚಕ್ರಾನಾ?"

ನೈಲಾ ಪೆನ್ಸಿಲ್ ಕೈಗೆತ್ತಿಕೊಂಡಳು. ಬರೆದಳು: "ಚಕ್ರ ಜಾರಿದ್ದರೆ ಉಳಿಯುತ್ತಿದ್ದ. ಪಟ್ಟಿ ಬಿಗಿಯಾಗಿದ್ದರೂ ಉಳಿಯುತ್ತಿದ್ದ. ಚಕ್ರ ಆರಿಸಿದ್ದು ನಾನು."

ಮುದುಕಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು.

"ಪಟ್ಟಿ ಸಡಿಲಿಸಿದ್ದು ಯಾರು ಅಂತ ಬರೀಲಿಲ್ಲವಲ್ಲ?"

ನೈಲಾ ಪೆನ್ಸಿಲ್ ಕೆಳಗಿಟ್ಟಳು.

"ನಂಗೆ ಗೊತ್ತು," ಎಂದಳು ವರ್ಡಾ. "ಮಣ್ಣು ಮಾಡಿ ಬಂದ ದಿನಾನೇ ಹೇಳ್ದ. ಒಲೆ ಮುಂದೆ ನಿಂತ್ಕೊಂಡು, 'ಅಮ್ಮ, ಅವನು ಬೇಡ ಅಂದ, ನಾನೇ ಬಿಚ್ಚಿದೆ' ಅಂದ. ಗೆಲ್ಲಿಸ್ಬೇಕು ಅಂತಿತ್ತು ಅವನಿಗೆ. ನಾನೇನು ಮಾಡ್ದೆ ಗೊತ್ತಾ? ಒಲೆ ಕೆದಕೋ ಸಲಾಕೆ ತಗೊಂಡು ಅವನ ಮುಖಕ್ಕೆ ಹೊಡ್ದೆ. 'ನನ್ನ ಕಣ್ಣ ಮುಂದೆ ಬರ್ಬೇಡ' ಅಂದೆ. ಎಂಟು ದಿನ ಕೊಟ್ಟಿಗೇಲಿ ಮಲಗ್ದ. ಒಂಬತ್ತನೇ ದಿನ ನಿನ್ನ ಹತ್ರ ಬಂದ."

ಸೂಪು ತಣ್ಣಗಾಗುತ್ತಿತ್ತು. ವರ್ಡಾ ಎದ್ದು ಅದನ್ನು ಬಿಸಿಮಾಡಿ, ಲೋಟಕ್ಕೆ ಸುರಿದು, ಕೊಳವೆ ಹಾಕಿ ಅವಳ ತುಟಿಗೆ ಹಿಡಿದಳು. ನೈಲಾ ಕುಡಿದಳು. ಕುಡಿಯುತ್ತ ಅತ್ತಳು, ಹೊಲಿದ ಬಾಯಿಂದ ಅಳು ಸರಿಯಾಗಿ ಬರದೆ, ಮೂಗಿನಿಂದ ನಾಯಿ ಕುಂಯ್‌ಗುಟ್ಟಿದಂಥ ಸದ್ದು ಬಂತು. ಮುದುಕಿ ಲೋಟ ಖಾಲಿಯಾಗುವವರೆಗೂ ಕೈ ಸರಿಸಲಿಲ್ಲ.

ಹೀಬರ್ ನ್ಯಾಯಾಧೀಶರ ಮುಂದೆ ಎಲ್ಲ ಒಪ್ಪಿಕೊಂಡ. ತಡೆಪಟ್ಟಿಯ ಸಂಗತಿಯನ್ನೂ, ಯಾರೂ ಕೇಳದಿದ್ದರೂ, ತುಂಬಿದ ಕೋಣೆಯಲ್ಲಿ ನಿಂತು ಹೇಳಿದ. ಹದಿನಾಲ್ಕು ತಿಂಗಳ ಜೈಲಾಯಿತು. ಅವನ ತಪ್ಪೊಪ್ಪಿಗೆ ಕೇಳಿದ ಮೇಲೆ ಊರಿನ ಜನ ನೈಲಾಳನ್ನು ಮತ್ತೆ ಮಾತಾಡಿಸತೊಡಗಿದರು. ಅವಳು ಮಾತ್ರ ಎರಡು ಚಳಿಗಾಲ ಪಂದ್ಯದ ಗಾಡಿ ಮುಟ್ಟಲಿಲ್ಲ. ಮೂರನೆಯ ವರ್ಷ, ಯಾರೋ ತಪ್ಪು ಚಕ್ರ ಕೂರಿಸಿದ ಗಾಡಿಯೊಂದು ಶೆಡ್ಡಿನ ಮುಂದೆಯೇ ಧಡ್ ಧಡ್ ಎನ್ನುತ್ತ ಹೋಯಿತು. ಅವಳು ತಡೆಯಲಾರದೆ ಹೊರಗೋಡಿ ಕೈ ಅಡ್ಡ ಹಿಡಿದಳು. ಅಂದಿನಿಂದ ಮತ್ತೆ ಮಾಡತೊಡಗಿದಳು. ಆದರೆ ಅವಳ ಕೈಯಿಂದ ಹೋಗುವ ಗಾಡಿಯ ತಡೆಪಟ್ಟಿಗೆ ಒಂದೇ ತೂತು, ಅದಕ್ಕೆ ಬೋಲ್ಟಲ್ಲ, ಬೆಸುಗೆ. ಬೇಡವೆಂದವರಿಗೆ ಬಾಗಿಲು ತೋರಿಸುತ್ತಿದ್ದಳು.

ಅದೇ ಮೂರನೆಯ ವರ್ಷದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ವರ್ಡಾ ಟ್ರಕ್ಕು ತಂದು ನಿಲ್ಲಿಸಿದಳು. ಹಿಂದೆ ಟ್ರೇಲರಿನಲ್ಲಿ ದನಗಳಿಗೆ ಹುಲ್ಲು ಎಳೆಯುವ ಹಳೆಯ ಸ್ಲೆಡ್ಡು. ಪಕ್ಕದ ಸೀಟಿನಲ್ಲಿ ಹೀಬರ್, ತೊಡೆಯ ಮೇಲೆ ಕೈಯಿಟ್ಟು ಎದುರಿನ ಗಾಜನ್ನೇ ನೋಡುತ್ತಿದ್ದ.

"ಚಕ್ರ ಸವೆದಿದೆ," ಎಂದಳು ಮುದುಕಿ. "ಇವನನ್ನ ಇಳೀಬೇಡ ಅಂದಿದೀನಿ. ನೀನು ಬೇಡ ಅಂದ್ರೆ ಹಾಗೇ ಹೋಗ್ತೀವಿ."

ಮೂಲೆಯ ಹಾರೆ ಎಲ್ಲಿದೆಯೆಂದು ನೋಡದೆಯೂ ನೈಲಾಳಿಗೆ ಗೊತ್ತಿತ್ತು. ಗಾಡಿ ಇಳಿಸಲು ಇಬ್ಬರು ಹೆಂಗಸರ ಕೈಲಿ ಆಗದೆಂಬುದೂ ಗೊತ್ತಿತ್ತು.

"ತಳ್ಳಲಿ," ಎಂದಳು. "ಹೊಸ್ತಿಲ ತನಕ."

ಹೀಬರ್ ಕುಂಟುತ್ತ ಇಳಿದು ಬಂದು ಹಿಂದಿನಿಂದ ತಳ್ಳಿದ, ಅವಳು ಮುಂದಿನಿಂದ ಎಳೆದಳು. ಸ್ಲೆಡ್ಡಿನ ಕಾಲುಗಳು ಸಿಮೆಂಟಿನ ಮೇಲೆ ಕಿರುಗುಟ್ಟಿದವು. ಹೊಸ್ತಿಲಿಗೆ ಬಂದಾಗ ಅವನು ತಾನಾಗಿಯೇ ನಿಂತು ಕೈತೆಗೆದ.

"ದವಡೆ?" ಎಂದ, ನೆಲ ನೋಡುತ್ತ.

"ಚಳಿ ಬಂದ್ರೆ ನೋಯುತ್ತೆ."

"ನನ್ನ ಮೊಣಕಾಲೂ."

"ನೋಯ್ಲಿ," ಎಂದಳು ನೈಲಾ.

ಅವನು ತಲೆಯಾಡಿಸಿ ಟ್ರಕ್ಕಿನ ಕಡೆ ನಡೆದ. ಅವಳು ಬಾಗಿಲು ಹಾಕಿದಳು, ಅಗುಳಿ ಎಳೆದಳು. ಆಮೇಲೆ ದೀಪವನ್ನು ಹತ್ತಿರ ಎಳೆದುಕೊಂಡು, ಮಲಗಿ, ಹಳೆಯ ಗಾಡಿಯ ಹೊಟ್ಟೆಯಡಿ ಸರಿದು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.